ಪದಚರ್ಚೆ: ಆಯಿಲ್ ಸೀಲ್‌ಗೆ ಕನ್ನಡದಲ್ಲಿ ಏನು? (ತುರ್ತು, ನಾಳೆ ಪೇಂಟರ್ ಬರುತ್ತಾರೆ)

ಇಂದ: ತೋಟದ ರೈಟರ್, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಶೆಡ್ಡಿನ ಗೋಡೆ ಮೇಲೆ ಡ್ರೈವರುಗಳಿಗಾಗಿ ನಾಲ್ಕು ಸಾಲು ಕನ್ನಡದಲ್ಲಿ ಬರೆಸಬೇಕು. ಪೇಂಟರ್ ನಾಳೆ ಬೆಳಗ್ಗೆ ಎಂಟಕ್ಕೇ ಬರುತ್ತಾರೆ. ವಿಷಯ ಇಷ್ಟೇ: ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಹುದಾದ) ಗಾಡಿಯ ಮುಂದಿನ ಆಕ್ಸಲ್ ಸೀಲ್ ಹೋಗಿದೆ ಅಂತ ಗೊತ್ತಾಗುವುದು ಹೇಗೆ, ಬದಲಿಸುವಾಗ ಏನು ಮರೆಯಬಾರದು. ಆಕ್ಸಲ್ ಅಂದರೆ ಚಕ್ರಗಳನ್ನು ಕೂಡಿಸುವ ದಂಡ, ಸೀಲ್ ಅಂದರೆ ಅದರೊಳಗಿನ ಎಣ್ಣೆ ಆಚೆ ಬರದಂತೆ ತಡೆಯುವ ರಬ್ಬರ್ ಬಳೆ.

ಇದು ಯಾಕೆ ಬಂತು ಅಂದರೆ, ಹೋದ ಮಳೆಗಾಲದಲ್ಲಿ ನಮ್ಮ ಹಳೇ ಮಾರುತಿ ಜಿಪ್ಸಿ ಜೀಪಿನ ಎಡಗಡೆ ಮುಂದಿನ ಚಕ್ರದ ಒಳಮೈ ಪೂರ್ತಿ ಕಪ್ಪಾಗಿತ್ತು. ಕೆಸರು ಅಂದುಕೊಂಡೆವು. ಮುಟ್ಟಿದರೆ ಜಿಡ್ಡು. ಮೂಸಿದರೆ ಗೇರ್ ಆಯಿಲ್‌ನ ಆ ಗಂಧಕದ ವಾಸನೆ. ಗ್ಯಾರೇಜಿನವರು ಹೊರಗೆ ಕಾಣುವ ಸೀಲ್ ಒಂದನ್ನು ಹಾಕಿ ಕಳಿಸಿದರು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಹೋಗಿದ್ದದ್ದು ಒಳಗಿನ ಸೀಲ್.

ಇಂಗ್ಲಿಷ್ ಚಾರ್ಟನ್ನು ಮೊಬೈಲಿಗೆ ಕೊಟ್ಟರೆ ‘ಮುಂಭಾಗದ ಅಕ್ಷದ ಮುದ್ರೆಯನ್ನು ಬದಲಾಯಿಸಿ’ ಅಂತ ಬಂತು. ಓದಿ ಹೇಳಿದೆ. ನಮ್ಮ ಡ್ರೈವರ್ ಕೇಳಿದ್ದು, ‘ಯಾರ ಮುದ್ರೆ ಸಾ, ಆರ್‌ಟಿಓದಾ?’

ಆಕ್ಸಲ್, ಸೀಲ್, ಸೀಲಿನ ಲಿಪ್ (ಒಳ ಅಂಚು), ಲೀಕ್. ಈ ನಾಲ್ಕಕ್ಕೆ ಪದ ಬೇಕು. ಪೇಂಟರ್ ಅಕ್ಷರದ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ. ದಯವಿಟ್ಟು ಉದ್ದ ಪದ ಬೇಡ.

ಇಂದ: ನಿವೃತ್ತ ಅಧ್ಯಾಪಕ, ಧಾರವಾಡ

ಅಕ್ಷ, ತೈಲಬಂಧಕ, ಓಷ್ಠ, ಸ್ರಾವ. ಒಟ್ಟಿಗೆ ಹೇಳುವಾಗ ‘ಅಗ್ರಾಕ್ಷ ತೈಲಬಂಧಕ’. ಸವರ್ಣದೀರ್ಘ ಸಂಧಿ, ದೋಷವಿಲ್ಲ. ಫೋರ್ ಬೈ ಫೋರ್‌ಗೆ ‘ಸರ್ವಚಕ್ರ ಚಾಲಿತ’. ಇನ್ನೊಂದು ಮಾತು: ಇಂಗ್ಲಿಷಿನ ಆಕ್ಸಲ್ಲೂ ನಮ್ಮ ಅಕ್ಷವೂ ಒಂದೇ ಬೇರಿನವು. ಲ್ಯಾಟಿನ್ನಿನ ಆಕ್ಸಿಸ್ ಕೂಡ ಅದೇ ಮನೆತನ. ಹೀಗಾಗಿ ಅಕ್ಷ ಎಂದರೆ ಅರ್ಥವೂ ಕೆಡುವುದಿಲ್ಲ, ನೆಂಟಸ್ತಿಕೆಯೂ ಉಳಿಯುತ್ತದೆ.

ಇಂದ: ಹಳ್ಳಿಗನ್ನಡದವನು, ಮಂಡ್ಯ

ಸಂಧಿಯಲ್ಲಿ ದೋಷವಿಲ್ಲ ಮೇಷ್ಟ್ರೇ, ಪದದಲ್ಲೇ ಇದೆ. ಡ್ರೈವರ್ ‘ಓಷ್ಠ’ ಓದುವಷ್ಟರಲ್ಲಿ ಎಣ್ಣೆ ಪೂರ್ತಿ ಖಾಲಿ.

ಎತ್ತಿನ ಗಾಡಿ ಕಟ್ಟಿದವರು ನಾವು. ನೊಗ, ಮೂಕಿ, ಕಡಾಣಿ, ಕೀಲೆಣ್ಣೆ ಎಲ್ಲಕ್ಕೂ ಪದ ಇತ್ತು. ಆಕ್ಸಲ್ಲಿಗೆ ಇಲ್ಲದೆ ಇರುತ್ತದೆಯೇ? ಅಚ್ಚು ಇದೆ. ಅದಕ್ಕಿಂತ ಚೆಂದದ್ದು ಇರಸು. ತಮಿಳು, ತೆಲುಗಿನಲ್ಲೂ ಇದರ ಅಣ್ಣತಮ್ಮಂದಿರಿದ್ದಾರೆ. ಸೀಲಿಗೆ ‘ಎಣ್ಣೆತಡೆ’ ಅನ್ನಿ. ಲಿಪ್‌ಗೆ ‘ತುಟಿ’. ಮುಂದಿನ ಇರಸಿನ ಎಣ್ಣೆತಡೆ. ಮುಗಿಯಿತು.

ಅಂದಹಾಗೆ ‘ಇರುಸುಮುರುಸು’ ಹುಟ್ಟಿದ್ದೇ ಇಲ್ಲಿಂದ ಅಂತ ನನ್ನ ಬಲವಾದ ನಂಬಿಕೆ. ನಡುದಾರಿಯಲ್ಲಿ ಗಾಡಿಯ ಇರುಸು ಮುರಿದು ಕೂತವನ ಪಾಡು ನೆನೆಯಿರಿ. ಅದಕ್ಕಿಂತ ಇರುಸುಮುರುಸು ಇನ್ನೇನಿದೆ?

ಇಂದ: ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು

ಇರುಸುಮುರುಸು ವಿಚಾರ: ಇಲ್ಲ. ಮುರಿದದ್ದು ‘ಮುರುಕು’ ಆಗುತ್ತದೆ, ‘ಮುರುಸು’ ಆಗುವುದಿಲ್ಲ. ಸಣ್ಣಪುಟ್ಟ ಇದ್ದ ಹಾಗೆ ಪ್ರಾಸಕ್ಕೆ ಕೂಡಿದ ಜೋಡಿ ಅದು. ಬೇರೆ ಹೇಳುವುದಿದ್ದರೆ ಒಂದು ಹಳೆಯ ಪ್ರಯೋಗ ತೋರಿಸಿ.

ಇರಸು ನಿಜವಾದ ಪದ, ಒಪ್ಪುತ್ತೇನೆ. ಆದರೆ ಈಗ ಅದನ್ನು ಬಳಸುವವರು ನಿಘಂಟಿನಲ್ಲಿದ್ದಾರೆ. ಅಚ್ಚಿನ ಕಷ್ಟ ಬೇರೆ. ಮಂಡ್ಯದವರಾದ ನಿಮಗೇ ಅಚ್ಚು ಅಂದರೆ ಮೊದಲು ಬೆಲ್ಲ ನೆನಪಾಗಬೇಕಿತ್ತು. ಜೊತೆಗೆ ಅಚ್ಚು ಅಂದರೆ ಪ್ರಿಂಟು, ಮುದ್ರೆ ಅಂದರೂ ಅದೇ. ‘ಅಚ್ಚಿನ ಮುದ್ರೆ ಬದಲಿಸಿ’ ಅಂತ ಬರೆಸಿದರೆ ಡ್ರೈವರ್ ಪ್ರೆಸ್ಸಿಗೆ ಹೋಗುತ್ತಾನೆ.

ಮುದ್ರೆ ಯಾಕೆ ಹೊಂದುವುದಿಲ್ಲ ಅನ್ನುವುದು ಮುಖ್ಯ. ಲ್ಯಾಟಿನ್ನಿನಲ್ಲಿ ಗುರುತು ಎಂಬ ಅರ್ಥದ ಪದದಿಂದ ಇಂಗ್ಲಿಷಿನ ಸೀಲ್ ಹುಟ್ಟಿತು. ಅರಗು ಹಾಕಿ ಒತ್ತಿದ ಗುರುತೇ ಲಕೋಟೆಯನ್ನು ಮುಚ್ಚುತ್ತಿತ್ತು. ಹಾಗಾಗಿ ಗುರುತೂ ಮುಚ್ಚಿಕೆಯೂ ಒಂದೇ ಪದದಲ್ಲಿ ಉಳಿದವು. ಕನ್ನಡದ ಮುದ್ರೆ ಗುರುತಿನಲ್ಲೇ ನಿಂತಿತು. ಮೊಹರೂ ಅಷ್ಟೇ.

ಇಂದ: ನಿವೃತ್ತ ಅಧ್ಯಾಪಕ, ಧಾರವಾಡ

ಅಚ್ಚು ಎಂಬುದು ಅಕ್ಷದ ತದ್ಭವ. ಅಚ್ಚಗನ್ನಡ ಎಂದು ಮೆರೆಸುವವರು ಗಮನಿಸಲಿ.

ಇಂದ: ಹಳ್ಳಿಗನ್ನಡದವನು, ಮಂಡ್ಯ

ಪಕ್ಷಿ ಹಕ್ಕಿಯಾಯಿತು, ಅಕ್ಷರ ಅಕ್ಕರವಾಯಿತು, ಲಕ್ಷ ಲಕ್ಕವಾಯಿತು. ಅಕ್ಷ ಮಾತ್ರ ಅಚ್ಚು ಆಗಿಬಿಡುತ್ತದೆಯೇ? ಅದು ಅಕ್ಕ ಆಗಬೇಕಿತ್ತು.

ಇಂದ: ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು

ಪ್ರಾಕೃತದಲ್ಲಿ ಕ್ಷಕಾರಕ್ಕೆ ಎರಡೂ ದಾರಿ ಇವೆ. ಅಕ್ಷಿಗೆ ಅಕ್ಖಿಯೂ ಉಂಟು, ಅಚ್ಛಿಯೂ ಉಂಟು. ಕ್ಷುರಿಕೆ ನಮ್ಮಲ್ಲಿ ಚೂರಿ ಆಗಲಿಲ್ಲವೇ? ಬರೀ ಹಕ್ಕಿ ಹಿಡಿದುಕೊಂಡು ಹೊರಟರೆ ಆಗುವುದಿಲ್ಲ.

ಇಂದ: ಗ್ಯಾರೇಜಿನವನು, ಹಾಸನ

ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ರೈಟರ್ ಸಾರ್, ನೀವು ‘ಎಣ್ಣೆತಡೆ’ ಅಂತ ಬರೆಸಿ. ನಿಮ್ಮ ಡ್ರೈವರ್ ಸ್ಪೇರ್ ಅಂಗಡಿಗೆ ಹೋಗಿ ಅದನ್ನೇ ಕೇಳಲಿ. ಅವರು ಕಾಫಿ ಕುಡಿಸಿ ಕಳಿಸುತ್ತಾರೆ, ಸೀಲ್ ಕೊಡುವುದಿಲ್ಲ. ಕೌಂಟರಿನಲ್ಲಿ ನಡೆಯುವ ಮಾತು ಆಯಿಲ್ ಸೀಲ್. ಅದರ ಮೈಮೇಲೆ ಮೂರು ನಂಬರ್ ಒತ್ತಿರುತ್ತಾರೆ. 35-52-7 ಅಂತಿದ್ದರೆ ಒಳಗಿನ ಅಗಲ 35 ಮಿಲಿಮೀಟರ್, ಹೊರಗಿನದು 52, ದಪ್ಪ 7. ಹಳೇ ಸೀಲ್ ಕೈಯಲ್ಲಿ ಹಿಡಿದು ಹೋದರೆ ಯಾವ ಪದವೂ ಬೇಡ.

‘ತುಟಿ’ ಮಾತ್ರ ಚೆನ್ನಾಗಿದೆ. ಸೀಲಿನ ಒಳ ಅಂಚು ರಬ್ಬರಿನದು, ಶಾಫ್ಟನ್ನು ತುಟಿ ಹಾಗೇ ಕಚ್ಚಿ ಹಿಡಿದಿರುತ್ತದೆ. ಅದರ ಹಿಂದೆ ಕೂದಲಿನಷ್ಟು ಸಣ್ಣ ಸ್ಪ್ರಿಂಗು, ಬಳೆ ಹಾಗೆ ಸುತ್ತಿರುತ್ತದೆ. ಆ ಸ್ಪ್ರಿಂಗ್ ಇರುವ ಮುಖ ಎಣ್ಣೆ ಕಡೆಗೆ ಬರಬೇಕು. ತಿರುಗಾ ಮುರುಗಾ ಕೂರಿಸಿದರೆ ಹೊಸ ಸೀಲೂ ಸೋರುತ್ತದೆ.

ಜಿಪ್ಸಿಯಲ್ಲಿ ಆಗಿದ್ದು ಏನು ಅಂದರೆ, ಒಳ ಸೀಲ್ ಆಕ್ಸಲ್ ಕೊಳವೆಯ ತುದಿಯಲ್ಲಿ, ನಕ್ಕಲ್ ಗುಂಡಿನ (ಚಕ್ರ ಆಚೀಚೆ ತಿರುಗುವ ಕೀಲಿನ) ಒಳಗೆ ಕೂತಿರುತ್ತದೆ. ಅದು ಸವೆದರೆ ಗೇರ್ ಆಯಿಲ್ ಗುಂಡಿನೊಳಗೆ ಇಳಿದು ಗ್ರೀಸಿನ ಜೊತೆ ಕಲೆತು ಅಂಬಲಿಯಾಗುತ್ತದೆ. ಆ ಅಂಬಲಿ ಹೊರಗಿನ ಸೀಲ್ ದಾಟಿ ಬರುತ್ತದೆ. ನೋಡಿದವನು ಹೊರಗಿನದು ಹೋಗಿದೆ ಅಂತಾನೆ. ಒಳಗಿನದನ್ನು ಬದಲಿಸಬೇಕಾದರೆ ಚಕ್ರ, ಬ್ರೇಕಿನ ಕ್ಯಾಲಿಪರ್, ಚಕ್ರ ಕೂರುವ ಹಬ್, ಸ್ಪಿಂಡಲ್ ಎಲ್ಲ ಬಿಚ್ಚಿ ಶಾಫ್ಟ್ ಎಳೆಯಬೇಕು. ಸುಮ್ನೆ ಅರ್ಧ ಗಂಟೆ ಕೆಲಸ ಅಲ್ಲ. ಕ್ಯಾಲಿಪರನ್ನು ಬ್ರೇಕ್ ಪೈಪಿನ ಮೇಲೆ ನೇತು ಬಿಡಬೇಡಿ, ತಂತಿ ಕಟ್ಟಿ ತೂಗುಹಾಕಿ. ಶಾಫ್ಟ್ ವಾಪಸ್ ತೂರಿಸುವಾಗ ಅದರ ಹಲ್ಲು ಹೊಸ ಸೀಲಿನ ತುಟಿ ಕೊಯ್ಯದಂತೆ ನೋಡಿ, ಮೊದಲೇ ತುಟಿಗೆ ಸ್ವಲ್ಪ ಗ್ರೀಸ್ ಸವರಿ.

ಎಲ್ಲ ಸರಿ ಮಾಡಿದ ಮೇಲೂ ಸೋರಿದರೆ ಬ್ರೀದರ್ ನೋಡಿ. ಆಕ್ಸಲ್ ಮೇಲಿನ ಸಣ್ಣ ಗಾಳಿ ತೂತು ಅದು. ತೋಟದ ಕೆಸರು ತುಂಬಿ ಕಟ್ಟಿಕೊಂಡರೆ, ಬಿಸಿಯಾದಾಗ ಒಳಗೆ ಒತ್ತಡ ಏರಿ ಎಣ್ಣೆ ಸೀಲಿನ ಕಡೆಯಿಂದಲೇ ದಾರಿ ಹುಡುಕುತ್ತದೆ.

ಇನ್ನು ಲೀಕ್ ವಿಚಾರ. ಇದಕ್ಕೆ ಕನ್ನಡದಲ್ಲಿ ಒಂದಲ್ಲ, ಮೂರಿವೆ. ಧೂಳು ಒದ್ದೆಯಾಗಿ ಅಂಟಿದೆ, ಹನಿ ಕಟ್ಟಿಲ್ಲ: ಅದು ಒಸರುವುದು. ಒರೆಸಿದರೆ ಸಂಜೆಗೆ ಮತ್ತೆ ಒದ್ದೆ: ಜಿನುಗುವುದು. ನೆಲದ ಮೇಲೆ ಕಲೆ: ಸೋರುವುದು. ಒಸರಿದರೆ ನಾವು ಒರೆಸಿ ಕಣ್ಣಿಟ್ಟಿರುತ್ತೇವೆ. ಜಿನುಗಿದರೆ ಎಣ್ಣೆ ಮಟ್ಟ ನೋಡುತ್ತೇವೆ. ಸೋರಿದರೆ ಬಿಚ್ಚುತ್ತೇವೆ. ಬ್ರೇಕಿನ ಕಡೆ ಹೋಗಿದ್ದರೆ ಎಷ್ಟೇ ಇರಲಿ, ಗಾಡಿ ನಿಲ್ಲಿಸಿ.

ಇಂದ: ಕೊಲರಾಡೊದಿಂದ

ಸಣ್ಣ ತಿದ್ದುಪಡಿ. ‘ಸರ್ವಚಕ್ರ ಚಾಲಿತ’ ಜಿಪ್ಸಿಗೆ ಸಲ್ಲದು. ಅದರಲ್ಲಿ ಲಿವರ್ ಹಾಕಿದಾಗ ಮಾತ್ರ ಮುಂದಿನ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಆಲ್ ವೀಲ್ ಡ್ರೈವ್ ಬೇರೆ, ಅದಕ್ಕೆ ಡ್ರೈವರನ ಅಪ್ಪಣೆ ಬೇಕಿಲ್ಲ. ಇಲ್ಲಿ ಹಿಮ ಬೀಳುವ ಊರುಗಳಲ್ಲಿ ಸುಬಾರು ಕಾರು ಜಾಸ್ತಿ, ಅದು ಆಲ್ ವೀಲ್ ಡ್ರೈವ್. ಅದರ ಮುಂದಿನ ಆಕ್ಸಲ್ ಸೀಲ್ ಗೇರ್‌ಬಾಕ್ಸಿನ ಪಕ್ಕದಲ್ಲೇ ಇರುತ್ತದೆ, ಯಾಕಂದರೆ ಮುಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಗೇರು) ಗೇರ್‌ಬಾಕ್ಸಿನ ಹೊಟ್ಟೆಯಲ್ಲೇ ಇದೆ. ಎರಡಕ್ಕೂ ಒಂದೇ ಪದ ಹಾಕಿದರೆ ಎಲ್ಲಿ ನೋಡಬೇಕು ಅನ್ನುವುದೇ ತಪ್ಪುತ್ತದೆ.

ಇಂದ: ಹಳ್ಳಿಗನ್ನಡದವನು, ಮಂಡ್ಯ

ಗ್ಯಾರೇಜಿನವರ ಒಸರು, ಜಿನುಗು, ಸೋರು ಓದಿ ಹೊಟ್ಟೆ ತುಂಬಿತು. ಆದರೆ ಕೌಂಟರಿನಲ್ಲಿ ಏನಂತಾರೋ ಅದೇ ಕನ್ನಡ ಅಂದರೆ, ಇನ್ನು ಇಪ್ಪತ್ತು ವರ್ಷಕ್ಕೆ ಉಳಿಯುವುದು ಬರೀ ವಿಭಕ್ತಿ ಪ್ರತ್ಯಯ. ‘ಆಯಿಲ್ ಸೀಲನ್ನು ಚೇಂಜ್ ಮಾಡಿ’. ಇದರಲ್ಲಿ ಕನ್ನಡ ಎಷ್ಟು, ನೀವೇ ಎಣಿಸಿ.

ಇಂದ: ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು

ನಿಮ್ಮ ಮನೆಯ ಚಾವಿ ಎಂಬ ಪದ ಪೋರ್ಚುಗೀಸರದ್ದು. ಯಾರೂ ಇರುಸುಮುರುಸು ಪಡಲಿಲ್ಲ. ‘ಚೇಂಜ್’ ಬಗ್ಗೆ ನಿಮ್ಮ ಸಿಟ್ಟು ಸರಿ, ಬದಲಿಸು ಅನ್ನುವುದು ಕೈಯಲ್ಲೇ ಇದೆ. ಸೀಲಿನ ಬಗ್ಗೆ ಸಿಟ್ಟು ದಂಡ. ಆ ಸಾಮಾನೇ ಹೊರಗಿನಿಂದ ಬಂದದ್ದು, ಹೆಸರನ್ನೂ ಹೊತ್ತು ತಂದಿದೆ.

ಇಂದ: ನಿವೃತ್ತ ಅಧ್ಯಾಪಕ, ಧಾರವಾಡ

ಪೋರ್ಚುಗೀಸರದ್ದು ನಡೆಯುತ್ತದೆ, ಇಂಗ್ಲಿಷರದ್ದು ನಡೆಯುತ್ತದೆ. ಸಂಸ್ಕೃತದ್ದು ಮಾತ್ರ ನಡೆಯುವುದಿಲ್ಲ. ನಮಸ್ಕಾರ.

ಇಂದ: ತೋಟದ ರೈಟರ್, ಸಕಲೇಶಪುರ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಕೋಪ ಮಾಡ್ಕೋಬಾರದು, ‘ಓಷ್ಠ’ಕ್ಕೆ ಪೇಂಟರ್ ಒತ್ತಕ್ಷರಕ್ಕೆ ಬೇರೆ ರೇಟ್ ಹೇಳಿದರು. ಗೋಡೆ ಮೇಲೆ ಈಗ ಹೀಗಿದೆ:

ಮುಂದಿನ ಆಕ್ಸಲ್ ಆಯಿಲ್ ಸೀಲ್
ಒಸರಿದರೆ ಒರೆಸಿ. ಜಿನುಗಿದರೆ ಎಣ್ಣೆ ನೋಡಿ. ಸೋರಿದರೆ ಬಿಚ್ಚಿ.
ಒಳ ಸೀಲ್ ಮೊದಲು ನೋಡಿ. ತುಟಿ ಎಣ್ಣೆ ಕಡೆಗೆ.
ಬ್ರೀದರ್ ತೂತು ಕಟ್ಟಿದೆಯಾ ನೋಡಿ.

ಮೊದಲು ಪೇಂಟರ್ ‘ಉಸಿರಿದರೆ ಒರೆಸಿ’ ಅಂತ ಬರೆದಿದ್ದರು. ನಾನು ನೋಡುವಷ್ಟರಲ್ಲಿ ಇಬ್ಬರು ಡ್ರೈವರುಗಳು ಅದರ ಮುಂದೆ ನಿಂತು ನಗುತ್ತಿದ್ದರು. ಟರ್ಪೆಂಟೈನ್ ಹಾಕಿ ಅಳಿಸಿ ತಿದ್ದಿಸಿದೆ. ಎರಡಕ್ಷರದ ದುಡ್ಡು ಜಾಸ್ತಿ ತಗೊಳ್ಳಲಿಲ್ಲ.