ಪದಚರ್ಚೆ: ಅನುಮತಿ, ಸಮ್ಮತಿ, ಒಪ್ಪಿಗೆ – ಸಂಶೋಧನೆಯ ಕಾಗದದಲ್ಲಿ ಯಾವುದು ಎಲ್ಲಿ?

ಪ್ರಶ್ನೆ, ಮಂಡ್ಯದಿಂದ

ಎಲ್ಲರಿಗೂ ನಮಸ್ಕಾರ.

ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರ ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳ ನಿದ್ದೆ ಹಾಗೂ ಮೊಬೈಲ್ ಬಳಕೆಯ ಮೇಲೆ ಮನಃಶಾಸ್ತ್ರದ ಅಧ್ಯಯನವೊಂದು ನಡೆಯಲಿದೆ. ಅದರ ಕನ್ನಡ ನಮೂನೆಗಳ ಕರಡು ಕೈಯಲ್ಲಿದೆ. ಅರುವತ್ತು ಮಕ್ಕಳು, ಎರಡು ಗುಂಪು. ಒಂದು ಗುಂಪಿನವರು ಮೂರು ವಾರ ರಾತ್ರಿ ಒಂಬತ್ತರ ಮೇಲೆ ಮೊಬೈಲ್ ಮುಟ್ಟುವಂತಿಲ್ಲ, ಇನ್ನೊಂದು ಗುಂಪಿನವರು ಎಂದಿನಂತೆ ಇರುತ್ತಾರೆ. ಕೊನೆಯ ದಿನ ಮುಂಚೆ ಹೇಳದೆ ನೆನಪಿನ ಪರೀಕ್ಷೆಯೊಂದನ್ನು ಕೊಡುತ್ತಾರೆ.

ಕರಡಿನಲ್ಲಿ ‘ಇನ್‌ಫಾರ್ಮ್ಡ್ ಕನ್ಸೆಂಟ್’ (ಅಧ್ಯಯನದ ವಿಷಯವೆಲ್ಲ ತಿಳಿದುಕೊಂಡು ಭಾಗವಹಿಸಲು ಒಪ್ಪುವುದು) ಎಂಬುದು ಒಂದು ಪುಟದಲ್ಲಿ ‘ಮಾಹಿತಿಯುತ ಸಮ್ಮತಿ’, ಇನ್ನೊಂದರಲ್ಲಿ ‘ತಿಳಿವಳಿಕೆಯ ಒಪ್ಪಿಗೆ’, ಮತ್ತೊಂದರಲ್ಲಿ ‘ಮನವರಿಕೆಯ ಅನುಮತಿ’ ಎಂದಾಗಿದೆ. ಮಕ್ಕಳ ‘ಅಸೆಂಟ್’ಗೆ, ಅಂದರೆ ಪೋಷಕರದ್ದಲ್ಲದೆ ಮಗು ತಾನೇ ಹೇಳುವ ‘ಹೂಂ’ಗೆ, ಬೇರೆ ಮಾತು ಸಿಗದೆ ಅಲ್ಲೂ ‘ಒಪ್ಪಿಗೆ’ಯೇ ಕೂತಿದೆ. ಈ ಮೂರೂ ಒಂದೇ ಅರ್ಥದವೋ, ಬೇರೆ ಬೇರೆಯೋ? ‘ನಿಯಂತ್ರಿತ ಗುಂಪು’, ‘ಯಾದೃಚ್ಛಿಕ’, ‘ಅನಾಮಧೇಯ’ ಎಂಬ ಮಾತುಗಳನ್ನು ಪೋಷಕರ ಮುಂದೆ ಇಡಬಹುದೇ? ಮನಃಶಾಸ್ತ್ರದ ಪಠ್ಯಪುಸ್ತಕದಲ್ಲಿ ಇರುವ ಮಾತನ್ನೇ ಉಳಿಸಿಕೊಳ್ಳಬೇಕು ಅನ್ನುವವರೂ ಇದ್ದಾರೆ.

ಉತ್ತರ, ಮೈಸೂರಿನಿಂದ

ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಪಠ್ಯದ ಮಾತಿಗೂ ರುಜು ಹಾಕುವ ಕಾಗದದ ಮಾತಿಗೂ ಕೆಲಸ ಬೇರೆ. ಪಠ್ಯದ ಪದವನ್ನು ವಿದ್ಯಾರ್ಥಿ ಕಲಿತುಕೊಳ್ಳುತ್ತಾನೆ. ನಮೂನೆಯ ಪದವನ್ನು ಓದುವವರಿಗೆ ಕಲಿಯಲು ಸಮಯವಿಲ್ಲ, ಕಲಿಯುವ ಹೊಣೆಯೂ ಅವರದಲ್ಲ. ಅದು ಓದಿದ ಕೂಡಲೇ ಅರ್ಥವಾಗದಿದ್ದರೆ ಕೆಳಗಿನ ರುಜುವಿಗೆ ಬೆಲೆಯಿಲ್ಲ.

ಮೂರೂ ಮಾತು ನಮಗೆ ಬೇಕು, ಆದರೆ ಒಂದರ ಬದಲಿಗೆ ಇನ್ನೊಂದಲ್ಲ. ಶಾಲೆಯಲ್ಲಿ ನಡೆಯುವ ಅಧ್ಯಯನದಲ್ಲಿ ಮೂರು ಕಡೆಯಿಂದ ‘ಹೂಂ’ ಬರಬೇಕು. ಶಾಲೆಯ ಬಾಗಿಲು ತೆರೆಯುವುದು ಮುಖ್ಯ ಶಿಕ್ಷಕರು ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮಾತು. ಅದು ಅಧಿಕಾರ ಇರುವವರು ಕೊಡುವಂಥದ್ದು, ಆದ್ದರಿಂದ ‘ಅನುಮತಿ’. ಪೋಷಕರು ಎಲ್ಲ ವಿಷಯ ತಿಳಿದು, ಕಾನೂನಿಗೆ ನಿಲ್ಲುವಂತೆ ಕೊಡುವುದು ‘ಸಮ್ಮತಿ’. ಮಗು ತನ್ನ ಬಾಯಿಂದಲೇ ಹೇಳುವುದು ‘ಒಪ್ಪಿಗೆ’. ಹೀಗೆ ಹಂಚಿಕೊಂಡರೆ ಒಂದೂ ಹೊಸ ಪದ ಕಟ್ಟಬೇಕಿಲ್ಲ.

ಪೋಷಕರಿಗೆ ‘ಸಮ್ಮತಿ’ಯೇ ಏಕೆಂದರೆ, ಆ ಪದದ ಒಳಗೇ ಮತಿಗಳು ಕೂಡುವ ಅರ್ಥವಿದೆ. 1872 ರ ಕರಾರು ಕಾಯಿದೆಯ 13 ನೇ ಕಲಂ ಹೇಳುವುದೂ ಅದನ್ನೇ: ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ. ಸಂಶೋಧಕರ ಮನಸ್ಸಿನಲ್ಲಿ ‘ಮೂರು ವಾರದ ಪ್ರಯೋಗ’, ತಾಯಿಯ ಮನಸ್ಸಿನಲ್ಲಿ ‘ಮೊಬೈಲ್ ಬಿಡಿಸುವ ಶಿಬಿರ’ ಇದ್ದರೆ ರುಜು ಇದ್ದೂ ಸಮ್ಮತಿಯಿಲ್ಲ.

ಮಗುವಿಗೆ ‘ಒಪ್ಪಿಗೆ’ ಸರಿ, ಆದರೆ ಆ ಧಾತುವಿನ ನೆಂಟಸ್ತಿಕೆಯನ್ನು ನೋಡಿಕೊಳ್ಳಬೇಕು. ಶಾಲೆಯ ಮಗುವಿಗೆ ‘ಒಪ್ಪಿಸು’ ಎಂದರೆ ಪಾಠ ಒಪ್ಪಿಸುವುದು. ‘ತಪ್ಪೊಪ್ಪಿಗೆ’ ಎಂದರೆ ಮೇಷ್ಟ್ರ ಮುಂದೆ ಬರೆದುಕೊಡುವ ಚೀಟಿ. ತಲೆಬರಹದಲ್ಲಿ ‘ಒಪ್ಪಿಗೆ ಪತ್ರ’ ಎಂದಷ್ಟೇ ಬರೆದರೆ ಮುಚ್ಚಳಿಕೆಯ ವಾಸನೆ ಬರುತ್ತದೆ. ‘ಭಾಗವಹಿಸಲು ನನ್ನ ಒಪ್ಪಿಗೆ’ ಎಂದು ಇಡೀ ವಾಕ್ಯ ಬರೆದರೆ ಆ ನೆರಳು ಹೋಗುತ್ತದೆ. ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ‘ನನಗೆ ಬೇಡ’ ಎಂಬ ಚೌಕವೂ ಇರಲಿ. ಬೇಡ ಅನ್ನಲು ಜಾಗವಿಲ್ಲದ ಕಾಗದದಲ್ಲಿ ಒಪ್ಪಿಗೆ ಎಂಬ ಪದಕ್ಕೆ ಅರ್ಥವಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017 ರ ಸಂಶೋಧನಾ ನೀತಿಯ ಮಾರ್ಗಸೂಚಿಯಲ್ಲಿ ವಯಸ್ಸಿನ ಲೆಕ್ಕವಿದೆ. ಏಳು ವರ್ಷದೊಳಗಿನ ಮಗುವಿಗೆ ಪೋಷಕರ ಸಮ್ಮತಿ ಸಾಕು. ಏಳರಿಂದ ಹನ್ನೆರಡರವರೆಗೆ ಪೋಷಕರ ಎದುರಲ್ಲಿ ಬಾಯಿಮಾತಿನ ಒಪ್ಪಿಗೆ ಪಡೆದು ಅದನ್ನು ದಾಖಲಿಸಬೇಕು. ಹನ್ನೆರಡು ದಾಟಿದ ಮೇಲೆ ಹದಿನೆಂಟರವರೆಗೆ ಬರಹದ ಒಪ್ಪಿಗೆ. ನಿಮ್ಮ ಮಕ್ಕಳು ಹದಿಮೂರು ಹದಿನಾಲ್ಕರವರು, ಹಾಗಾಗಿ ಇಬ್ಬರ ರುಜುವೂ ಬೇಕು. ಓದಲು ಬಾರದ ಪೋಷಕರಿದ್ದರೆ, ಅಧ್ಯಯನಕ್ಕೆ ಸಂಬಂಧಪಡದ, ಓದು ಬಲ್ಲ ಸಾಕ್ಷಿಯೊಬ್ಬರು ವಿವರಣೆ ಮುಗಿಯುವವರೆಗೂ ಕೂತಿದ್ದು, ಹೆಬ್ಬೆಟ್ಟಿನ ಪಕ್ಕದಲ್ಲಿ ತಮ್ಮ ರುಜು ಹಾಕಬೇಕು. ತರಗತಿಯ ಮೇಷ್ಟ್ರನ್ನೇ ಸಾಕ್ಷಿಯಾಗಿ ಕೂರಿಸಬೇಡಿ. ಅವರು ಎದುರಿಗಿದ್ದರೆ ಯಾವ ತಾಯಿಯೂ ಬೇಡ ಅನ್ನುವುದಿಲ್ಲ.

ಇನ್ನು ಆ ಪದದ ಮೊದಲು ಬರುವ ವಿಶೇಷಣ. ‘ಮನವರಿಕೆಯ’ ಎಂಬುದನ್ನು ದಯವಿಟ್ಟು ತೆಗೆದುಹಾಕಿ. ಕನ್ನಡದಲ್ಲಿ ಮನವರಿಕೆ ಮಾಡುವುದು ಎಂದರೆ ಒಲ್ಲದವನನ್ನು ಮಾತಿನಿಂದ ಒಲಿಸುವುದು. ಸಂಶೋಧನೆಯ ನೀತಿ ತಡೆಯುವುದು ಅದನ್ನೇ! ನಾಜಿ ವೈದ್ಯರ ವಿಚಾರಣೆಯ ತೀರ್ಪಿನಲ್ಲಿ ಬಂದ 1947 ರ ನ್ಯೂರೆಂಬರ್ಗ್ ಸಂಹಿತೆಯ ಹತ್ತು ಅಂಶಗಳಲ್ಲಿ ಮೊದಲನೆಯದು ಸ್ವಇಚ್ಛೆಯ ಸಮ್ಮತಿ. ಒತ್ತಾಯ, ಮೋಸ, ಒತ್ತಡ ಯಾವುದೂ ಕೂಡದು ಎಂದು ಅಲ್ಲೇ ಬಿಡಿಸಿ ಹೇಳಿದೆ. ‘ತಿಳಿವಳಿಕೆಯ’ ಎಂಬುದಕ್ಕೂ ತೊಡಕಿದೆ. ‘ತಿಳಿವಳಿಕೆ ಹೇಳಿ’ ಎಂದರೆ ನಮ್ಮ ಕಡೆ ಬುದ್ಧಿ ಹೇಳಿ ಎಂದು ಅರ್ಥ. ‘ಮಾಹಿತಿಯುತ’ ಎಂಬುದು ತಪ್ಪಲ್ಲ, ಆದರೆ ಯಾರ ಬಾಯಲ್ಲೂ ಇಲ್ಲದ್ದು. ‘ವಿಷಯ ತಿಳಿದು ಕೊಟ್ಟ ಸಮ್ಮತಿ’ ಎಂದು ನೀಟಾಗಿ ಬರೆಯಿರಿ. ಎರಡು ಪದ ಹೆಚ್ಚಾದರೆ ಆಗಲಿ.

ಇದ್ದ ಮಾತಿಗೆ ಹೊಸ ಕೆಲಸ ಕೊಡುವುದು ಮೈಸೂರಿನ ಮನಃಶಾಸ್ತ್ರಕ್ಕೆ ಹೊಸತೇನಲ್ಲ. ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ 1924 ರಲ್ಲಿ ಈ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935 ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿದವರು. ಆ ನಿಲಯದ ಹೆಸರು ಆಕಾಶವಾಣಿ. ಪುರಾಣದಲ್ಲಿದ್ದ ಮಾತು ರೇಡಿಯೋಗೆ ಕೂತಿತು, ಯಾರೂ ಅರ್ಥ ಕೇಳಲಿಲ್ಲ.

‘ನಿಯಂತ್ರಿತ ಗುಂಪು’ ನಿಮ್ಮ ಅಧ್ಯಯನದಲ್ಲಿ ಬರಿಯ ಕಷ್ಟದ ಪದವಲ್ಲ, ಉಲ್ಟಾ ಅರ್ಥ ಕೊಡುವ ಪದ. ರಾತ್ರಿ ಮೊಬೈಲ್ ಮುಟ್ಟಬಾರದು ಎಂದು ಕಟ್ಟುಪಾಡು ಹಾಕಿಸಿಕೊಂಡ ಮಕ್ಕಳೇ ‘ನಿಯಂತ್ರಿತ’ರು ಎಂದು ಯಾರಾದರೂ ಓದಿಕೊಳ್ಳುತ್ತಾರೆ. ಶಾಸ್ತ್ರದಲ್ಲಿ ಅದು ಎಂದಿನಂತೆ ಇರುವ ಗುಂಪಿನ ಹೆಸರು. ಪಠ್ಯದಲ್ಲಿ ‘ನಿಯಂತ್ರಣ ಗುಂಪು’ ಎಂದರೂ ಅರ್ಧ ವಾಸಿ. ನಮೂನೆಯಲ್ಲಿ ‘ಹೋಲಿಕೆಯ ಗುಂಪು’ ಎಂದು ಬರೆದು, ‘ಈ ಗುಂಪಿನ ಮಕ್ಕಳು ಏನನ್ನೂ ಬದಲಾಯಿಸಬೇಕಿಲ್ಲ’ ಎಂದು ಸೇರಿಸಿ.

‘ಯಾದೃಚ್ಛಿಕ’ವನ್ನು ಕೆಲವರು ‘ಮನಸ್ಸಿಗೆ ಬಂದಂತೆ’ ಎಂದು ಬಿಡಿಸುತ್ತಾರೆ. ಅದು ಪೂರಾ ತಪ್ಪು. ಯಾರ ಮನಸ್ಸಿಗೂ ಅಲ್ಲಿ ಕೆಲಸವಿಲ್ಲ ಅನ್ನುವುದೇ ಅದರ ಜೀವಾಳ. ‘ಚೀಟಿ ಎತ್ತಿ’ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಚೀಟಿ ಎತ್ತಿ ಆರಿಸುವುದು ಬೇರೆ, ಚೀಟಿ ಎತ್ತಿ ಹಂಚುವುದು ಬೇರೆ. ಜಿಲ್ಲೆಯ ಎಲ್ಲ ಮಕ್ಕಳ ಪಟ್ಟಿಯಿಂದ ಅರುವತ್ತು ಜನರನ್ನು ಎತ್ತಿದರೆ ಅದು ಆಯ್ಕೆ, ಅದರಿಂದ ಫಲಿತಾಂಶವನ್ನು ಇಡೀ ಜಿಲ್ಲೆಗೆ ಅನ್ವಯಿಸಬಹುದು. ಇರುವ ಅರುವತ್ತು ಜನರನ್ನು ಎರಡು ಗುಂಪಿಗೆ ಹಾಕಿದರೆ ಅದು ಹಂಚಿಕೆ, ಅದರಿಂದ ನಿದ್ದೆಯ ವ್ಯತ್ಯಾಸಕ್ಕೆ ಮೊಬೈಲೇ ಕಾರಣ ಎನ್ನಬಹುದು. ನಿಮ್ಮದು ಹಂಚಿಕೆ ಮಾತ್ರ. ಎರಡಕ್ಕೂ ‘ಯಾದೃಚ್ಛಿಕ’ ಎಂದೊಂದೇ ಮಾತು ಬರೆದು, ಒಂದನ್ನು ಮಾಡಿ ಎರಡರ ಫಲವನ್ನೂ ಹೇಳಿಕೊಳ್ಳುವ ವರದಿಗಳು ಬೇಕಾದಷ್ಟಿವೆ.

ಹಂಚುವ ಕ್ರಮವನ್ನೂ ಹೇಳುತ್ತೇನೆ, ಪದದ ಅರ್ಥ ಇರುವುದು ಅದರಲ್ಲೇ. ಒಂದೇ ಕಾಗದದಿಂದ ಒಂದೇ ಅಳತೆಯ ಅರುವತ್ತು ಚೀಟಿ, ಮೂವತ್ತರಲ್ಲಿ ‘ಅ’, ಮೂವತ್ತರಲ್ಲಿ ‘ಬ’. ಒಂದೇ ರೀತಿ ಮಡಿಸಿ, ಡಬ್ಬಿಯಲ್ಲಿ ಚೆನ್ನಾಗಿ ಕಲಸಿ, ಒಂದು ಮಗುವಿನ ಹೆಸರಿಗೆ ಒಂದರಂತೆ ಎತ್ತುವುದು. ಸಮ್ಮತಿ, ಒಪ್ಪಿಗೆ, ಮೊದಲ ಸುತ್ತಿನ ನಿದ್ದೆಯ ಅಳತೆ ಎಲ್ಲ ಮುಗಿದ ಮೇಲೆಯೇ ಡಬ್ಬಿ ತೆರೆಯಬೇಕು. ಮುಂಚೆಯೇ ಎತ್ತಿದರೆ, ಮೊಬೈಲ್ ಬಿಡಬೇಕಾದ ಗುಂಪು ಎಂದು ತಿಳಿದವರು ಹಿಂದೆ ಸರಿಯುತ್ತಾರೆ, ಉಳಿದವರು ಮೊದಲೇ ಶಿಸ್ತಿನ ಮಕ್ಕಳಾಗಿರುತ್ತಾರೆ. ಮುಂದಿನ ಬೆಂಚು ಒಂದು ಗುಂಪು, ಹಿಂದಿನ ಬೆಂಚು ಇನ್ನೊಂದು ಎಂದು ಮಾಡಿದರೂ ಇದೇ ಗತಿ.

‘ಅನಾಮಧೇಯ’ ನಮೂನೆಗೆ ಬೇಡ. ಆ ಮಾತು ಕಿವಿಗೆ ಬಿದ್ದರೆ ಜನರಿಗೆ ಮೊದಲು ನೆನಪಾಗುವುದು ಮೂಗರ್ಜಿ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಅಧ್ಯಯನಕ್ಕೆ ಅದು ಸುಳ್ಳು. ಮೊದಲ ವಾರದ ಉತ್ತರವನ್ನು ಮೂರನೇ ವಾರದ್ದಕ್ಕೆ ಜೋಡಿಸಬೇಕು ಅಂದಮೇಲೆ ಎಲ್ಲೋ ಒಂದು ಕಡೆ ಹೆಸರಿನ ಎದುರು ಸಂಖ್ಯೆ ಇದ್ದೇ ಇರುತ್ತದೆ. ಹೆಸರೇ ಕೇಳದಿರುವುದು ಒಂದು, ಹೆಸರು ಗೊತ್ತಿದ್ದೂ ಹೊರಗೆ ಬಿಡದಿರುವುದು ಇನ್ನೊಂದು. ನಿಮ್ಮದು ಎರಡನೆಯದು, ಅಂದರೆ ‘ಗೋಪ್ಯ’. ‘ಗೌಪ್ಯ’ ಎಂದು ಪತ್ರಿಕೆಗಳಲ್ಲಿ ನಡೆದುಬಂದಿದೆ, ಸಂಸ್ಕೃತದ ರೂಪ ‘ಗೋಪ್ಯ’. ಪೋಷಕರಿಗೆ ಹೀಗೆ ಬರೆಯಬಹುದು: ‘ನಿಮ್ಮ ಮಗುವಿನ ಹೆಸರಿನ ಬದಲು ಒಂದು ಸಂಖ್ಯೆ ಬರೆಯುತ್ತೇವೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿಗೆ ಬೇರೆ ಬೀಗ ಹಾಕಿರುತ್ತದೆ. ಶಾಲೆಗೂ ಅದನ್ನು ತೋರಿಸುವುದಿಲ್ಲ.’

‘ಯಾರಿಗೂ ಹೇಳುವುದಿಲ್ಲ’ ಎಂದು ಮಾತ್ರ ಎಲ್ಲೂ ಬರೆಯಬೇಡಿ. ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ 2012 ರ ಪೋಕ್ಸೊ ಕಾಯಿದೆಯ 19 ನೇ ಕಲಮಿನಂತೆ ವರದಿ ಮಾಡಲೇಬೇಕು. ಉಳಿಸಿಕೊಳ್ಳಲಾಗದ ಮಾತು ಕೊಟ್ಟು ಮಗುವಿನ ನಂಬಿಕೆ ಕೆಡಿಸುವುದಕ್ಕಿಂತ, ‘ನಿನಗೆ ಅಪಾಯವಿದೆ ಅನ್ನಿಸಿದರೆ ಮಾತ್ರ ನೆರವು ಕೊಡುವವರಿಗೆ ತಿಳಿಸಬೇಕಾಗುತ್ತದೆ’ ಎಂದು ಮೊದಲೇ ಹೇಳುವುದು ಮೇಲು.

ಕರಡು ಸರಿಯಿದೆಯೇ ಎಂದು ನೋಡಲು ಮರುಅನುವಾದ ಮಾಡಿಸುವುದು ವಾಡಿಕೆ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರುವುದು, ಎರಡನ್ನೂ ಸೇರಿಸಿ ಒಂದು ಮಾಡುವುದು, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸುವುದು, ಕೊನೆಗೆ ತಾಳೆ ನೋಡುವುದು. ಒಳ್ಳೆಯ ಕ್ರಮವೇ, ಆದರೆ ಅದರಲ್ಲಿ ಒಂದು ಕುರುಡು ಮೂಲೆಯಿದೆ. ‘ಮಾಹಿತಿಯುತ ಸಮ್ಮತಿ’ ಮೂರನೆಯವರ ಕೈಗೆ ಹೋದರೆ ‘ಇನ್‌ಫಾರ್ಮ್ಡ್ ಕನ್ಸೆಂಟ್’ ಎಂದು ಅಚ್ಚುಕಟ್ಟಾಗಿ ವಾಪಸು ಬರುತ್ತದೆ, ಏಕೆಂದರೆ ಅವರಿಗೆ ಇಂಗ್ಲಿಷ್ ಗೊತ್ತು. ಮಳವಳ್ಳಿಯ ಪೋಷಕರಿಗೆ ಅದು ಮುಟ್ಟಿತೋ ಇಲ್ಲವೋ ಈ ದಾರಿಯಲ್ಲಿ ತಿಳಿಯುವುದೇ ಇಲ್ಲ. ಹಾಗಾಗಿ ಐದರಿಂದ ಹತ್ತು ಪೋಷಕರಿಗೆ ಓದಿ ಹೇಳಿ, ‘ಅರ್ಥವಾಯಿತೇ?’ ಎಂದು ಕೇಳುವ ಬದಲು ‘ನಿಮ್ಮ ಮಗ ಏನು ಮಾಡಬೇಕಾಗುತ್ತೆ, ನಿಮ್ಮ ಮಾತಲ್ಲೇ ಹೇಳಿ’, ‘ಮಧ್ಯದಲ್ಲಿ ಬೇಡ ಅನ್ನಿಸಿದರೆ ಏನು ಮಾಡ್ತೀರಿ?’ ಎಂದು ಕೇಳಿ. ‘ಆಯ್ತು ಬುಡಿ’ ಎಂದು ಬರುವ ಉತ್ತರವನ್ನು ಸಮ್ಮತಿಯೆಂದು ಬರೆದುಕೊಳ್ಳಬೇಡಿ. ಮಂಡ್ಯದ ಮಾತಿನಲ್ಲಿ ಅದು ಎಷ್ಟೋ ಸಲ ಮಾತು ಮುಗಿಸುವ ಸೌಜನ್ಯ, ಅಷ್ಟೇ. ಎರಡನೇ ಪ್ರಶ್ನೆಗೆ ‘ಮೇಷ್ಟ್ರನ್ನ ಕೇಳ್ಬೇಕು’ ಎಂದು ಬಂದರೆ ಬಿಟ್ಟುಹೋಗುವ ಹಕ್ಕಿನ ಸಾಲನ್ನು ಮತ್ತೆ ಬರೆಯಬೇಕು.

ಸೇರ್ಪಡೆ, ಮೈಸೂರಿನಿಂದಲೇ ಇನ್ನೊಬ್ಬರು

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಮುಂಚೆ ಹೇಳದ ನೆನಪಿನ ಪರೀಕ್ಷೆಯ ಬಗ್ಗೆ ಎರಡು ಮಾತು.

ಪಠ್ಯಗಳಲ್ಲಿ ‘ಡಿಸೆಪ್ಷನ್’ಗೆ ‘ವಂಚನೆ’ ಎಂದಿರುತ್ತದೆ. ಕನ್ನಡದಲ್ಲಿ ವಂಚನೆ ಎಂದರೆ ಪೊಲೀಸ್ ಠಾಣೆಯ ಮಾತು. ಇಲ್ಲಿ ಬೇಕಾದ ಭೇದ ಮುಚ್ಚಿಡುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವಿನದು. ಅಮೆರಿಕದ ಮನಃಶಾಸ್ತ್ರಜ್ಞ ಮಿಲ್‌ಗ್ರಾಂ 1963 ರಲ್ಲಿ ಪ್ರಕಟಿಸಿದ, ಜನ ಆಜ್ಞೆಗೆ ಎಷ್ಟು ತಲೆಬಾಗುತ್ತಾರೆ ಎಂದು ನೋಡುವ ಪ್ರಯೋಗದಲ್ಲಿ ನಲವತ್ತು ಜನರಿಗೆ ಇದು ಕಲಿಕೆ ಮತ್ತು ನೆನಪಿನ ಅಧ್ಯಯನ ಎಂದು ಹೇಳಿ, ಇಲ್ಲದ ವಿದ್ಯುತ್ ಆಘಾತವನ್ನು ಇದೆ ಎಂದು ನಂಬಿಸಲಾಗಿತ್ತು. ಇಪ್ಪತ್ತಾರು ಜನ 450 ವೋಲ್ಟಿನ ಕೊನೆಯ ಗುಂಡಿಯವರೆಗೆ ಹೋದರು. ಅದು ಸುಳ್ಳು ಹೇಳಿದ್ದು. ನಿಮ್ಮದು ಒಂದು ವಿಷಯ ಮುಚ್ಚಿಟ್ಟಿದ್ದು. ಅದನ್ನೂ ನೀತಿ ಸಮಿತಿಗೆ (ಅಧ್ಯಯನ ನಡೆಸಬಹುದೇ ಎಂದು ಮೊದಲೇ ಪರಿಶೀಲಿಸುವ ಸಮಿತಿ) ತಿಳಿಸಿ ಒಪ್ಪಿಸಿಕೊಳ್ಳಬೇಕು, ಪೋಷಕರಿಗೆ ‘ಕೆಲವು ವಿವರ ಕೊನೆಯ ದಿನ ಹೇಳುತ್ತೇವೆ’ ಎಂದು ಮೊದಲೇ ಬರೆಯಬೇಕು.

ಕೊನೆಯ ದಿನ ಎಲ್ಲವನ್ನೂ ವಿವರಿಸುವ ‘ಡಿಬ್ರೀಫಿಂಗ್’ಗೆ ‘ಪ್ರಯೋಗೋತ್ತರ ವಿವರಣೆ’ ಎಂದು ಕಟ್ಟುವುದಕ್ಕಿಂತ ‘ಬಿಚ್ಚಿ ಹೇಳುವುದು’ ಎಂಬ ಮಾತು ನಮ್ಮಲ್ಲೇ ಇದೆ. ಏನನ್ನು ಮುಚ್ಚಿಟ್ಟಿದ್ದೆವು, ಏಕೆ ಮುಚ್ಚಿಟ್ಟೆವು, ಈಗ ಬೇಡ ಅನ್ನಿಸಿದರೆ ಉತ್ತರ ಪತ್ರಿಕೆ ವಾಪಸು ಪಡೆಯಬಹುದು ಎಂಬ ಮೂರೂ ಅದರಲ್ಲಿ ಬರಬೇಕು.

‘ಪರೀಕ್ಷೆ’ ಎಂಬ ಮಾತನ್ನೂ ಮಕ್ಕಳ ಹಾಳೆಯಿಂದ ತೆಗೆಯಿರಿ. ಆ ಪದ ಕಂಡರೆ ಅಂಕ ಬರುತ್ತದೆ ಎಂದುಕೊಂಡು ಪಕ್ಕದವನ ಹಾಳೆ ನೋಡುತ್ತಾರೆ, ನಿಮಗೆ ಸಿಗುವುದು ಇಬ್ಬರ ನೆನಪು. ‘ನೆನಪಿನ ಚಟುವಟಿಕೆ. ಅಂಕ ಇಲ್ಲ, ಮೇಷ್ಟ್ರು ನೋಡುವುದಿಲ್ಲ’ ಎಂದು ಹಾಳೆಯ ತಲೆಯಲ್ಲೇ ಅಚ್ಚು ಮಾಡಿಸಿ.