ಅಪ್‌ಡೇಟ್: ಅಣ್ಣನ ಹೋಲ್ಟರ್ ರಿಪೋರ್ಟ್ ಬಂತು

ಮಯೋಟಾನಿಕ್ ಡಿಸ್ಟ್ರೊಫಿ (ವಂಶದಲ್ಲಿ ಬರುವ, ಸ್ನಾಯುಗಳ ಬಲ ಕುಂದಿಸುವ ಕಾಯಿಲೆ) ಇರುವ ಅಣ್ಣನಿಗೆ ತಲೆಸುತ್ತು, ಎದೆ ಡವಡವ ಅನ್ನುವುದು ಏನೂ ಇಲ್ಲ, ಆದರೂ ಹೋಲ್ಟರ್ (ಎದೆಗೆ ಪ್ಯಾಚ್ ಅಂಟಿಸಿ ಹೃದಯದ ಬಡಿತವನ್ನು ಇಡೀ ದಿನ ದಾಖಲಿಸುವ ಯಂತ್ರ) ಬೇಕಾ ಅಂತ ಕೇಳಿದ್ದೆ. ಮಾಡಿಸಲೇಬೇಕು ಅಂದವರಿಗೆಲ್ಲ ಕೈಮುಗಿಯುತ್ತೇನೆ. ಇಸಿಜಿಯಲ್ಲಿ ಪಿಆರ್ ಅಂತರ (ವಿದ್ಯುತ್ ಸಂಕೇತ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ತಲುಪಲು ಹಿಡಿಯುವ ಸಮಯ) 250 ಮಿಲಿಸೆಕೆಂಡ್ ಇದೆ, 200ರ ಒಳಗಿರಬೇಕಿತ್ತು. 24 ಗಂಟೆಯ ಹೋಲ್ಟರ್‌ನಲ್ಲಿ ನಿದ್ದೆಯ ಹೊತ್ತು ಕೆಲವು ಬಡಿತ ತಪ್ಪಿವೆ. ಈ ಕಾಯಿಲೆ ಹೃದಯದ ವಿದ್ಯುತ್ ದಾರಿಯನ್ನೂ ಸದ್ದಿಲ್ಲದೆ ಸವೆಸುತ್ತದಂತೆ. ಕೈಕಾಲಲ್ಲಿ ಬಲ ಇದೆ ಅಂದಮಾತ್ರಕ್ಕೆ ಹೃದಯ ಸರಿಯಿದೆ ಅಂತಲ್ಲ, ದಯವಿಟ್ಟು ವರ್ಷಕ್ಕೊಮ್ಮೆಯಾದರೂ ಇಸಿಜಿ ತೆಗೆಸಿ. ಮುಂದಿನ ವಾರ ಇಪಿ ಸ್ಟಡಿ, ಅಂದರೆ ರಕ್ತನಾಳದ ಮೂಲಕ ಹೃದಯದೊಳಗೆ ತಂತಿ ಇಳಿಸಿ ಆ ವಿದ್ಯುತ್ ದಾರಿಯನ್ನು ಅಳೆಯುವ ಪರೀಕ್ಷೆ. ಅದರಲ್ಲಿ ಎಚ್‌ವಿ ಅಂತರ (ಆ ದಾರಿಯ ಕೆಳಭಾಗ ದಾಟಲು ಸಂಕೇತಕ್ಕೆ ಹಿಡಿಯುವ ಸಮಯ) 70 ಮಿಲಿಸೆಕೆಂಡ್ ದಾಟಿದ್ದರೆ ಪೇಸ್‌ಮೇಕರ್ ಹಾಕುತ್ತಾರೆ. ಎದೆಗೆ ಅಂಟಿಸಿದ್ದ ಪ್ಯಾಚ್ ಕಿತ್ತ ಕಡೆ ಕೆಂಪಾಗಿತ್ತು, ಅಮ್ಮ ಮಾತಿಲ್ಲದೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೂತಿದ್ದರು. ನನಗೂ ಜೀನ್ ಟೆಸ್ಟ್ ಬರೆದುಕೊಟ್ಟಿದ್ದಾರೆ. ನಾಳೆ ರಕ್ತ ಕೊಟ್ಟು ಬರುತ್ತೇನೆ.