ಹಳೆಯ ಹೋಟೆಲ್ ಗೋಪುರದ ಕೋ-ಆಪ್ ಮನೆ: ಅಡುಗೆಮನೆ ಇಷ್ಟು ಚಿಕ್ಕದೇಕೆ, ಮೇಂಟೆನೆನ್ಸ್ ಇಷ್ಟು ಹೆಚ್ಚೇಕೆ?

ಎಡಿಸನ್_ವಾಸಿ:

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ನನ್ನ ಹೆಂಡತಿಗೆ ಈಗ ಮ್ಯಾನ್‌ಹಟನ್‌ನಲ್ಲಿ ಕೆಲಸ, ದಿನಕ್ಕೆ ಮೂರು ಗಂಟೆ ರೈಲಿನಲ್ಲೇ ಹೋಗುತ್ತದೆ. ಹೋದ ಭಾನುವಾರ ಮಿಡ್‌ಟೌನ್‌ನಲ್ಲಿ ಒಂದು ಮನೆ ನೋಡಿಬಂದೆವು. 1920ರ ದಶಕದ ಹೋಟೆಲಂತೆ, ಈಗ ಕೋ-ಆಪ್, ಅಂದರೆ ಅಲ್ಲಿರುವವರೇ ಸೇರಿ ನಡೆಸುವ ಸಹಕಾರಿ ಕಟ್ಟಡ. ಹತ್ತೊಂಬತ್ತನೇ ಮಹಡಿ, ಒಂದು ಬೆಡ್‌ರೂಮು, ಲಾಬಿಯಲ್ಲಿ ಹಿತ್ತಾಳೆಯ ಅಂಚೆ ಪೆಟ್ಟಿಗೆ. ಅದಕ್ಕೆ ಪ್ರತಿ ಮಹಡಿಯಿಂದ ಕಾಗದ ಜಾರಿಬರುವ ಗಾಜಿನ ಕೊಳವೆ ಇದೆ. ನೋಡಿ ಇಬ್ಬರಿಗೂ ಮನಸ್ಸು ಅಲ್ಲೇ ಉಳಿಯಿತು.

ಅಕ್ಕಪಕ್ಕದ ಕಾಂಡೋಗಳಿಗಿಂತ (ಫ್ಲ್ಯಾಟನ್ನೇ ನೇರವಾಗಿ ಕೊಳ್ಳುವ ಕಟ್ಟಡಗಳು) ಬೆಲೆ ಸಾಕಷ್ಟು ಕಡಿಮೆ. ಆದರೆ ಮೇಂಟೆನೆನ್ಸ್ ನಾವು ಈಗ ಕೊಡುವ ಬಾಡಿಗೆಯ ಹತ್ತಿರ ಹತ್ತಿರ. ಅಡುಗೆಮನೆ ಅಂದರೆ ಬೀರುವಿನಷ್ಟು ಜಾಗ, ಗ್ಯಾಸ್ ಇಲ್ಲ. ಅಮ್ಮ ವರ್ಷಕ್ಕೆ ಆರು ತಿಂಗಳು ಮೈಸೂರಿನಿಂದ ಬಂದು ಇರುತ್ತಾರೆ. ಅವರು ಅಲ್ಲಿ ಅಡುಗೆ ಮಾಡಲು ಆಗುತ್ತದೆಯೇ? ಗೋಡೆ ಒಡೆದು ದೊಡ್ಡದು ಮಾಡಿಸಬಹುದೇ? ಇಂಥ ಕಟ್ಟಡದಲ್ಲಿ ಇದ್ದವರು ದಯವಿಟ್ಟು ಹೇಳಿ.

ಮೂವತ್ತೊಂದನೇ_ಮಹಡಿ:

ನಾನು ಇಂಥದ್ದೇ ಒಂದು ಗೋಪುರದಲ್ಲಿ 1994ರಿಂದ ಇದ್ದೇನೆ. ನಮ್ಮ ಮನೆಯವರು ಹೋಗಿ ಆರು ವರ್ಷವಾಯಿತು. ಮಗಳು ಕರೆಯುತ್ತಲೇ ಇದ್ದಾಳೆ, ಈ ಮನೆ ಬಿಡಲು ನನಗೆ ಮನಸ್ಸಿಲ್ಲ. ಹಾಗಾಗಿ ನಾನು ಹೇಳುವುದನ್ನು ಈ ಮನೆಯನ್ನು ಪ್ರೀತಿಸುವವಳ ಮಾತು ಅಂತಲೇ ಓದಿಕೊಳ್ಳಿ.

ಮೊದಲು ಅಡುಗೆಮನೆ. ಅದು ಚಿಕ್ಕದಾಗಿರುವುದಕ್ಕೆ ಕಾರಣ ಕಾನೂನು. ನ್ಯೂಯಾರ್ಕಿನ 1901ರ ಕಾಯಿದೆಯ ಪ್ರಕಾರ ಮೂರು ಅಥವಾ ಹೆಚ್ಚು ಸಂಸಾರಗಳು ಬೇರೆ ಬೇರೆ ಅಡುಗೆ ಮಾಡಿಕೊಂಡು ಇರುವ ಕಟ್ಟಡ ‘ಟೆನೆಮೆಂಟ್’. ಅದರ ಎತ್ತರ ರಸ್ತೆಯ ಅಗಲದ ಒಂದೂವರೆ ಪಟ್ಟು ದಾಟುವಂತಿರಲಿಲ್ಲ. ಹೋಟೆಲಿಗೆ ಆ ಕಟ್ಟುಪಾಡಿಲ್ಲ. ಒಲೆ ಹೂಡಿದರೆ ಮನೆ, ಹೂಡದಿದ್ದರೆ ಹೋಟೆಲ್! ಅದಕ್ಕೇ ಕಟ್ಟುವವರು ಒಲೆ ಬಿಟ್ಟು ಬರೀ ಸಿಂಕು, ಐಸ್ ಪೆಟ್ಟಿಗೆ ಇರುವ ‘ಪ್ಯಾಂಟ್ರಿ’ ಇಟ್ಟು, ಗೋಪುರವನ್ನು ಮೇಲೆ ಮೇಲೆ ಏರಿಸಿದರು. ಪಾರ್ಕ್ ಅವೆನ್ಯೂ ಮತ್ತು 57ನೇ ಬೀದಿ ಸೇರುವಲ್ಲಿ ವಾಸ್ತುಶಿಲ್ಪಿ ಎಮರಿ ರೋತ್ ವಿನ್ಯಾಸ ಮಾಡಿದ ರಿಟ್ಜ್ ಟವರ್ 41 ಮಹಡಿ ಎದ್ದದ್ದು ಹೀಗೆ. ಊಟ ಕೆಳಗಿನ ಅಡುಗೆಮನೆಯಿಂದ ಪುಟ್ಟ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. 1929ರಲ್ಲಿ ಬಂದ ಹೊಸ ಕಾಯಿದೆ ಒಲೆಯಿರುವ ಮನೆಗಳನ್ನೂ ಎತ್ತರಕ್ಕೆ ಕಟ್ಟಲು ಬಿಟ್ಟ ಮೇಲೆ ಈ ಉಪಾಯ ಬೇಕಾಗಲಿಲ್ಲ. ನಮ್ಮ ಮನೆಯಲ್ಲೂ ಆ ಊಟದ ಲಿಫ್ಟಿನ ಗೂಡು ಇದೆ, ಹಿಂದಿನವರು ಮುಚ್ಚಿಸಿದ್ದರು. ಈಗ ಅಲ್ಲಿ ನನ್ನ ಸಾಂಬಾರ ಡಬ್ಬಿಗಳಿವೆ.

ನನ್ನ ಪ್ಯಾಂಟ್ರಿ ಐದಡಿ ಏಳಡಿ. ಇಂಡಕ್ಷನ್ ಒಲೆ ಎರಡು. ಕಬ್ಬಿಣದ ದೋಸೆ ಕಾವಲಿ ಅದರ ಮೇಲೆ ಚೆನ್ನಾಗಿ ಕಾಯುತ್ತದೆ, ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಕಾಯುವುದಿಲ್ಲ. ಅಮ್ಮನಿಗೆ ಸ್ಟೀಲ್ ತಳದ್ದು ಕೊಡಿಸಿ. ತೊಂದರೆ ಇರುವುದು ಒಗ್ಗರಣೆಯ ಘಾಟಿನದು. ಒಲೆ ಮೇಲಿನ ಫ್ಯಾನು ಗಾಳಿಯನ್ನು ಹೊರಗೆ ಹಾಕುವುದಿಲ್ಲ, ಜಾಲರಿಯಲ್ಲಿ ಸೋಸಿ ಒಳಕ್ಕೇ ಬಿಡುತ್ತದೆ. ಬಂದ ಮೊದಲ ತಿಂಗಳೇ ಬಾಗಿಲ ಕೆಳಗೆ ಚೀಟಿ ಬಂತು: ಕಾರಿಡಾರಿನಲ್ಲಿ ವಾಸನೆ. ಅವತ್ತು ನಾನು ಅತ್ತಿದ್ದೆ. ನನ್ನ ಮನೆಯಲ್ಲಿ ನಾನು ಸಾಸಿವೆ ಸಿಡಿಸಬಾರದೇ ಅಂತ. ಕೊನೆಗೆ ದಾರಿ ತೋರಿಸಿದವರು ನಮ್ಮ ಕಟ್ಟಡದ ಹಳೆಯ ಸೂಪರ್, ಅಂದರೆ ಕಟ್ಟಡದ ರಿಪೇರಿ, ಉಸ್ತುವಾರಿ ನೋಡಿಕೊಳ್ಳುವವರು. ಹೋಟೆಲಿನ ಕಾಲದ ಬಾಗಿಲಲ್ಲವೇ, ಕೆಳಗೆ ಅರ್ಧ ಇಂಚಿನಷ್ಟು ಸಂದು ಇತ್ತು. ಅಲ್ಲಿಗೆ ರಬ್ಬರ್ ಪಟ್ಟಿ ಹೊಡೆದು, ಒಗ್ಗರಣೆ ಹಾಕುವಾಗ ಬಚ್ಚಲಿನ ಫ್ಯಾನು ಹಚ್ಚಿ, ಕಿಟಕಿ ತುಸು ತೆಗೆಯಿರಿ ಅಂದರು. ಆಮೇಲೆ ಚೀಟಿ ಬಂದಿಲ್ಲ.

ಗೋಡೆ ಒಡೆಯುವ ಆಸೆ ಈಗಲೇ ಬಿಡಿ. ಕೆಳಗಿನವರ ಮಲಗುವ ಕೋಣೆಯ ಮೇಲೆ ನಿಮ್ಮ ಸಿಂಕು ಬರಲು ಬಹಳಷ್ಟು ಬೋರ್ಡುಗಳು (ಕೋ-ಆಪ್‌ನ ಆಡಳಿತ ಮಂಡಳಿಗಳು) ಒಪ್ಪುವುದಿಲ್ಲ. ಇನ್ನು ಗೋಡೆಯೊಳಗೆ ಹೋಗುವ ನೀರಿನ ಕೊಳವೆ ಇಡೀ ಗೋಪುರಕ್ಕೆ ಸೇರಿದ್ದು. 2009ರಲ್ಲಿ ನನ್ನ ಬಚ್ಚಲ ಹಿಂದೆ ಅದು ಸೋರಿ, ಗೋಡೆ ಏಳು ವಾರ ತೆರೆದೇ ಇತ್ತು. ಕೊಳವೆಯ ಖರ್ಚು ಕಟ್ಟಡದ್ದು, ಟೈಲ್ಸಿನದು ನನ್ನದು. ಯಾವುದು ಯಾರದು ಅಂತ ನಿಮ್ಮ ಲೀಸಿನಲ್ಲಿ ಬರೆದಿರುತ್ತದೆ. ಸಹಿ ಹಾಕುವ ಮೊದಲು ಅದನ್ನು ಓದಿ, ಏಜೆಂಟ್ ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ.

ಮಾಟುಂಗ_ಮಾಮ:

ಲೀಸ್ ಯಾಕಮ್ಮ ಬಂತು? ಮನೆ ಕೊಳ್ಳುವುದಲ್ಲವೇ? ಇಲ್ಲಿ ಮುಂಬೈಯ ನಮ್ಮ ಸೊಸೈಟಿಯೂ ಕೋ-ಆಪರೇಟಿವ್ವೇ. ನನ್ನ ಹತ್ತಿರ ಐವತ್ತು ರೂಪಾಯಿಯ ಐದು ಷೇರಿನ ಸರ್ಟಿಫಿಕೇಟ್ ಇದೆ. ಆದರೂ ಫ್ಲ್ಯಾಟು ನನ್ನದು ಅಂತಲೇ ಕೊಂಡಿದ್ದು, ನೋಂದಣಿ ಆಗಿದ್ದು. ಸದಸ್ಯತ್ವ ಕೊಡುವುದಿಲ್ಲ ಅಂದರೆ ಸೊಸೈಟಿಯವರು ಕಾರಣ ಬರೆದು ಕೊಡಬೇಕು.

ಮೂವತ್ತೊಂದನೇ_ಮಹಡಿ:

ಮಾಮ, ಇಲ್ಲಿ ಹಾಗಲ್ಲ. ಇಡೀ ಕಟ್ಟಡ ಒಂದು ಕಂಪನಿಯದು. ನಾವು ಕೊಳ್ಳುವುದು ಆ ಕಂಪನಿಯ ಷೇರು, ಷೇರಿನ ಜೊತೆ ಮನೆಯಲ್ಲಿರುವ ಲೀಸು. ಬೋರ್ಡು ಎದುರು ಕೂರಿಸಿ ಮಾತಾಡಿಸಿ, ಬೇಡ ಅಂದರೆ ಕಾರಣ ಹೇಳಬೇಕಾಗಿಲ್ಲ. ಜನಾಂಗ, ಧರ್ಮ, ಹುಟ್ಟಿದ ದೇಶ ನೋಡಿ ಬೇಡ ಅನ್ನುವುದು ಕಾನೂನುಬಾಹಿರ, ಆದರೆ ಕಾರಣವನ್ನೇ ಹೇಳದವರ ಮೇಲೆ ಅದನ್ನು ಸಾಬೀತು ಮಾಡುವುದು ಹೇಗೆ? ಈ ಒಂದು ವಿಷಯದಲ್ಲಿ ನಿಮ್ಮ ಮುಂಬೈ ಪದ್ಧತಿಯೇ ಸರಿ ಅಂತ ನನಗೆ ಅನ್ನಿಸುತ್ತದೆ.

ಎಡಿಸನ್‌ನವರೇ, ಮೇಂಟೆನೆನ್ಸ್ ಬಗ್ಗೆ. ಅದರಲ್ಲಿ ಆಸ್ತಿ ತೆರಿಗೆ, ಬಿಸಿ ಹಬೆ, ಬಾಗಿಲು ಕಾಯುವವರ ಮತ್ತು ಲಿಫ್ಟಿನವರ ಸಂಬಳ, ಕಂಪನಿ ಕಟ್ಟಡದ ಮೇಲೆ ತೆಗೆದ ಸಾಲದ ಬಡ್ಡಿ ಎಲ್ಲ ಸೇರಿರುತ್ತದೆ. ಹೋಟೆಲ್ ಸೇವೆ ಇನ್ನೂ ಉಳಿದ ಕಡೆ ಇನ್ನೂ ಹೆಚ್ಚು. ಫಿಫ್ತ್ ಅವೆನ್ಯೂದ ಶೆರಿ-ನೆದರ್‌ಲ್ಯಾಂಡ್ 1954ರಲ್ಲಿ, ಪಿಯರ್ 1959ರಲ್ಲಿ ಕೋ-ಆಪ್ ಆದವು, ಎರಡರಲ್ಲೂ ಹೋಟೆಲ್ ಉಳಿಯಿತು. ಪಿಯರ್‌ನ ಹೋಟೆಲನ್ನು 2005ರಲ್ಲಿ ನಮ್ಮ ತಾಜ್‌ನವರು ವಹಿಸಿಕೊಂಡರು. ಆ ದೊಡ್ಡವರ ಲೆಕ್ಕ ನಮಗಲ್ಲ ಬಿಡಿ.

ಇದರ ಮೇಲೆ ಆಗಾಗ ‘ಅಸೆಸ್‌ಮೆಂಟ್’ ಬರುತ್ತದೆ, ಅಂದರೆ ದೊಡ್ಡ ರಿಪೇರಿಗೆ ಎಲ್ಲರಿಂದ ಹೆಚ್ಚುವರಿಯಾಗಿ ಎತ್ತುವ ದುಡ್ಡು. ಆರು ಮಹಡಿಗಿಂತ ಎತ್ತರದ ಕಟ್ಟಡದ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕು. 1979ರಲ್ಲಿ ಬ್ರಾಡ್‌ವೇಯಲ್ಲಿ ಕಟ್ಟಡದಿಂದ ಕಲ್ಲು ಬಿದ್ದು ಕಾಲೇಜು ಹುಡುಗಿಯೊಬ್ಬಳು ಸತ್ತ ಮೇಲೆ ಬಂದ ನಿಯಮ. ನಮ್ಮ ಕಟ್ಟಡದ ನೆತ್ತಿಯ ಮೇಲೆಲ್ಲ ಸುಟ್ಟ ಮಣ್ಣಿನ (ಟೆರಾಕೋಟಾ) ಅಲಂಕಾರ, ಒಂದೊಂದು ತುಂಡನ್ನೂ ತಟ್ಟಿ ನೋಡುತ್ತಾರೆ. ಒಮ್ಮೆ ಎರಡು ವರ್ಷ ಕಿಟಕಿಗೆ ಸಾರ್ವೆ ಕಟ್ಟಿದ್ದರು, ನಮ್ಮವರು ಕಾಯಿಲೆ ಬಿದ್ದಿದ್ದಾಗ. ಹೊರಗೆ ನದಿ ಕಾಣದೆ ಅವರು ಬಹಳ ಕೊರಗಿದರು. ದುಡ್ಡು ಕೊಟ್ಟಿದ್ದಕ್ಕಿಂತ ಅದೇ ನನಗೆ ಇವತ್ತಿಗೂ ನೋವು.

ಎಡಿಸನ್_ವಾಸಿ:

ಅಮ್ಮಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬಾಗಿಲ ಸಂದಿನ ವಿಷಯ ಯಾರು ಹೇಳುತ್ತಿದ್ದರು! ಹಾಗಾದರೆ ನಾನು ಮೊದಲು ಕೇಳಬೇಕಾದ ಕಾಗದ ಯಾವುದು?

ಮೂವತ್ತೊಂದನೇ_ಮಹಡಿ:

ಮೂರು ವರ್ಷದ ಲೆಕ್ಕಪತ್ರ, ಬೋರ್ಡ್ ಸಭೆಗಳ ನಡಾವಳಿ. ನಡಾವಳಿಯನ್ನು ನಿಮ್ಮ ವಕೀಲರು ಹೋಗಿ ಓದಬೇಕು. ಕೊಳವೆ, ಲಿಫ್ಟು, ಹೊರಗೋಡೆ ಅನ್ನುವ ಮಾತು ಎಷ್ಟು ಸಲ ಬಂದಿದೆ ನೋಡಲಿ. ಕಟ್ಟಡದ ಕೆಳಗಿನ ನೆಲ ಕಂಪನಿಯದೇ, ಗುತ್ತಿಗೆಯದೇ ಅಂತ ಕೇಳಿ. ಗುತ್ತಿಗೆಯಾದರೆ ಅದು ಮುಗಿಯುವ ವರ್ಷ ಕೇಳಿ. ಬೆಲೆ ಕಡಿಮೆ ಇರುವುದಕ್ಕೆ ಕಾರಣ ಅಲ್ಲೇ ಇರಬಹುದು.

ಇದೆಲ್ಲ ಸರಿಯಿದ್ದರೆ ಕೊಳ್ಳಿ. ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯ ಹತ್ತಿರ ನಿಂತರೆ ಸುತ್ತಲ ತಾರಸಿಗಳ ಮೇಲೆ ಮರದ ನೀರಿನ ಪೀಪಾಯಿಗಳು ಕಾಣುತ್ತವೆ. ಊರಿನ ನೀರಿನ ಒತ್ತಡ ಸುಮಾರು ಆರು ಮಹಡಿವರೆಗೆ ಮಾತ್ರ, ಆಮೇಲೆ ಪಂಪಿನಲ್ಲಿ ಏರಿಸಿ ಅದರಲ್ಲಿ ತುಂಬುತ್ತಾರೆ. ಚಳಿಗಾಲದಲ್ಲಿ ಅವುಗಳ ಮೇಲೆ ಹಿಮ ಕೂತಿರುತ್ತದೆ, ಇತ್ತ ರೇಡಿಯೇಟರ್ ಟಣ್ ಟಣ್ ಅಂತ ಕಾಯಲು ಶುರುಮಾಡುತ್ತದೆ. ಇಡ್ಲಿ ಹಿಟ್ಟಿನ ಪಾತ್ರೆಯನ್ನು ರಾತ್ರಿ ಅದರ ಪಕ್ಕ ಇಟ್ಟರೆ ಜನವರಿಯಲ್ಲೂ ಉಕ್ಕಿ ಬಂದಿರುತ್ತದೆ. ಅಮ್ಮನಿಗೆ ಇದನ್ನು ಹೇಳಿ.